ಕಿಟಕಿಯಿಲ್ಲದ ಮನೆಯಲ್ಲಿ ಆಟ

ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಆಟ ಆಡಲು ಬರುವುದಿಲ್ಲ ಎಂಬ ಮಾತು ಹಳೆಯದು. ಓದುವ ಮಕ್ಕಳಿರುವ ಮನೆಗಳಲ್ಲಿ ಅದನ್ನೇ ಲಿನಕ್ಸಿನ ಮೊದಲ ಸದ್ಗುಣವೆಂದು ಹೊಗಳುವ ಅಪ್ಪಂದಿರನ್ನೂ ಕಂಡಿದ್ದೇನೆ. ಅವರ ನೆಮ್ಮದಿ ಕೆಡಿಸಬೇಕೆಂದಲ್ಲ, ಆದರೆ ಆ ಮಾತಿನಲ್ಲಿ ಈಗ ಉಳಿದಿರುವ ಸತ್ಯ ಸ್ವಲ್ಪವೇ. ಆ ಸ್ವಲ್ಪ ಯಾವುದೆಂದು ಗೊತ್ತಿದ್ದರೆ, ಹಳೆಯ ಯಂತ್ರವನ್ನೇ ಇಟ್ಟುಕೊಳ್ಳಬೇಕೇ, ಹೊಸದಕ್ಕೆ ದುಡ್ಡು ಹೊಂದಿಸಬೇಕೇ ಎಂಬುದನ್ನು ತೀರ್ಮಾನಿಸುವುದು ಸುಲಭ.

ನಮ್ಮ ಮನೆಗೆ ಈ ಪ್ರಶ್ನೆ ಬಂದದ್ದು ದುಡ್ಡಿನ ರೂಪದಲ್ಲಿಯೇ. ಲ್ಯಾಪ್‌ಟಾಪ್ 2017ರಲ್ಲಿ ಕೊಂಡದ್ದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬಯಸುವಷ್ಟು ಹೊಸ ಪ್ರೊಸೆಸರ್ ಅದರಲ್ಲಿಲ್ಲ. ಮಿಕ್ಕಂತೆ ಯಂತ್ರ ಗಟ್ಟಿಮುಟ್ಟು. ಮಗಳು ದ್ವಿತೀಯ ಪಿಯುಸಿ. ಮುಂದಿನ ವರ್ಷದ ಕಾಲೇಜು ಶುಲ್ಕ ಎದುರಿಗೆ ನಿಂತಿದೆ. ಲಿನಕ್ಸ್ ಹಾಕೋಣ ಎಂದೆ. ಪಾಠ, ಪ್ರಾಜೆಕ್ಟು, ಕೋಡಿಂಗ್ ಯಾವುದರ ಬಗ್ಗೆಯೂ ಅವಳು ಕೇಳಲಿಲ್ಲ. “ಅಪ್ಪಾ, ನನ್ನ ಏಜ್ ಆಫ್ ಎಂಪೈರ್ಸ್ ಏನಾಗುತ್ತೆ?” ಎಂದಳು.

ನಗುವ ಹಾಗಿಲ್ಲ. 1999ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್ 2’ರ ಹೊಸ ರೂಪ ಅದು. ಅದಕ್ಕೆ 2022ರಲ್ಲಿ ಭಾರತದ ರಾಜವಂಶಗಳ ಭಾಗವೊಂದು ಸೇರಿತು. ರಾಜೇಂದ್ರ ಚೋಳನ ದಂಡಯಾತ್ರೆಯನ್ನು ಅದರಲ್ಲಿ ಆಡಬಹುದು. ಹತ್ತನೆಯ ತರಗತಿಯಲ್ಲಿ ಸಮಾಜವಿಜ್ಞಾನದ ಪುಸ್ತಕ ಕಂಡರೆ ಆಕಳಿಸುತ್ತಿದ್ದ ಹುಡುಗಿ ಚೋಳರ ಬಗ್ಗೆ ಪುಸ್ತಕ ಬೇಕೆಂದು ಗ್ರಂಥಾಲಯಕ್ಕೆ ಕರೆದುಕೊಂಡು ಹೋದದ್ದು ಈ ಆಟದ ದೆಸೆಯಿಂದ.

ಎರಡು ದಿನ ಅಲ್ಲಿ ಇಲ್ಲಿ ಓದಿ, ಮೂರನೆಯ ದಿನ ಊಟದ ಹೊತ್ತಿಗೆ, “ವೈನ್ ಇದ್ದರೆ ಎಲ್ಲ ಸರಿಹೋಗುತ್ತಂತೆ” ಎಂದು ಘೋಷಿಸಿದಳು. ತುತ್ತು ಎತ್ತಿದ್ದ ನನ್ನ ಅಮ್ಮ ಕೈ ತಡೆದು ನನ್ನ ಮುಖ ನೋಡಿದರು. ಇದು ಆ ವೈನ್ ಅಲ್ಲ ಎಂದು ತಿಳಿಹೇಳಬೇಕಾಯಿತು.

ವೈನ್ ಎಂಬುದು 1993ರಲ್ಲಿ ಶುರುವಾದ ಮುಕ್ತ ತಂತ್ರಾಂಶ. ವಿಂಡೋಸ್‌ಗಾಗಿ ಬರೆದ ಕಾರ್ಯಕ್ರಮಗಳನ್ನು ಲಿನಕ್ಸಿನಲ್ಲಿ ಓಡಿಸುವುದು ಅದರ ಕೆಲಸ. ಅಲೆಕ್ಸಾಂಡರ್ ಜೂಲಿಯಾರ್ ಮರುವರ್ಷದಿಂದಲೇ ಅದರ ನೊಗ ಹೊತ್ತರು, 1.0 ಎಂಬ ಆವೃತ್ತಿ ಬರಲು 2008 ಆಯಿತು. ಹದಿನೈದು ವರ್ಷ! ‘ವೈನ್ ಎಮ್ಯುಲೇಟರ್ ಅಲ್ಲ’ ಎನ್ನುವ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳೇ ಅದರ ಹೆಸರು. ಅಲ್ಲ ಎಂದರೆ ಮತ್ತೇನು ಎಂದು ಮಗಳು ಕೇಳಿದಾಗ ನನಗೆ ಹೊಳೆದ ಉದಾಹರಣೆ ನಮ್ಮ ಅಮ್ಮನೇ.

ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಬೆಂಗಳೂರಿನ ಫ್ಲ್ಯಾಟಿಗೆ ಬಂದರೂ ಅಮ್ಮ ಬೆಳಿಗ್ಗೆ ಎದ್ದು ಕೇಳುವುದು, “ಹಂಡೆ ಕಾದಿದೆಯೇನೇ?” ಎಂದು. ಹಂಡೆ ಎಲ್ಲಿಂದ ಬರಬೇಕು? ನನ್ನಾಕೆ “ಕಾದಿದೆ ಅತ್ತೆ” ಎಂದು ಹೇಳಿ ಗೀಸರಿನ ಗುಂಡಿ ಒತ್ತುತ್ತಾಳೆ. ಸ್ನಾನ ಮಾಡುವವರು ಅಮ್ಮನೇ, ನೀರೂ ನಿಜವಾದ ಬಿಸಿನೀರೇ. ಒದಗಿಸುವ ಬಗೆ ಮಾತ್ರ ಬೇರೆ. ವೈನ್ ಈ ಸೊಸೆಯ ಹಾಗೆ. ಆಟದ ಲೆಕ್ಕಾಚಾರಗಳನ್ನೆಲ್ಲ ಪ್ರೊಸೆಸರ್ ನೇರವಾಗಿಯೇ ಮಾಡುತ್ತದೆ. ಕಡತ ತೆರೆ, ಸದ್ದು ಹೊರಡಿಸು, ಚೌಕಟ್ಟು ಬಿಡಿಸು ಎಂದು ಆಟ ವಿಂಡೋಸನ್ನು ಕೇಳುವ ಕಡೆ ಮಾತ್ರ ವೈನ್ ನಡುವೆ ನಿಂತು, ಅದೇ ಕೆಲಸವನ್ನು ಲಿನಕ್ಸಿನಿಂದ ಮಾಡಿಸಿಕೊಡುತ್ತದೆ. ‘ಸಿ ಡ್ರೈವ್’ ಬೇಕೆಂದರೆ ಒಂದು ಫೋಲ್ಡರನ್ನೇ ಸಿ ಡ್ರೈವ್ ಎಂದು ತೋರಿಸುತ್ತದೆ. ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅದಲುಬದಲಾದರೆ ವಿಂಡೋಸ್ ಗಣಿಸುವುದಿಲ್ಲ, ಲಿನಕ್ಸಿಗೆ ಅವೆರಡೂ ಬೇರೆಬೇರೆ. ಆ ಮುನಿಸನ್ನೂ ವೈನ್ ಸರಿದೂಗಿಸುತ್ತದೆ.

ಕಷ್ಟವಿದ್ದದ್ದು ಚಿತ್ರಗಳದು. ಆಟಗಳು ಡೈರೆಕ್ಟ್‌ಎಕ್ಸ್ ಎಂಬ ಭಾಷೆಯಲ್ಲಿ ಚಿತ್ರ ಬಿಡಿಸುತ್ತವೆ. ಅದನ್ನು ಲಿನಕ್ಸಿಗೆ ಗೊತ್ತಿರುವ ವಲ್ಕನ್‌ಗೆ ಬದಲಿಸುವ ಡಿಎಕ್ಸ್‌ವಿಕೆ ಬಂದ ಮೇಲೆ ದಾರಿ ತೆರೆಯಿತು. ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಇವನ್ನೆಲ್ಲ ಕಟ್ಟಿ ‘ಪ್ರೋಟಾನ್’ ಎಂದು ಹೆಸರಿಟ್ಟು, ಸ್ಟೀಮ್ ಎಂಬ ತನ್ನ ಆಟದಂಗಡಿಯೊಳಗೇ ಕೂರಿಸಿತು. 2022ರಲ್ಲಿ ಅದು ಮಾರುಕಟ್ಟೆಗೆ ತಂದ ಸ್ಟೀಮ್ ಡೆಕ್ ಎಂಬ ಕೈಯಾಟದ ಯಂತ್ರದೊಳಗಿರುವುದೂ ಲಿನಕ್ಸೇ. ನಮ್ಮ ಮಗಳ ಸಾಮ್ರಾಜ್ಯ ಒಂದು ಗುಂಡಿ ಒತ್ತಿದ್ದಕ್ಕೆ ಇಳಿದು ಬಂತು. ಮೊದಲ ದಿನ ಅಲ್ಲಲ್ಲಿ ಮುಗ್ಗರಿಸಿ, ಆಮೇಲೆ ಸಲೀಸಾಗಿ ನಡೆಯಿತು.

ಅವಳ ಹಳೆಯ ಒಗಟಿನ ಆಟವೊಂದು ಮಾತ್ರ ತೆರೆಯುವ ಮೊದಲೇ ಮುಚ್ಚಿಕೊಂಡಿತು. ಟರ್ಮಿನಲ್‌ನಿಂದ ಓಡಿಸಿ ನೋಡು ಎಂದೆ. ಇಂಥ ಹೆಸರಿನ ಡಿಎಲ್‌ಎಲ್ ಸಿಗಲಿಲ್ಲ ಎಂದು ಒಂದು ಸಾಲು ಬಂತು. ಅದೇನೆಂದು ಹುಡುಕಿ, ವೈನ್‌ಟ್ರಿಕ್ಸ್ ಎಂಬ ಸಹಾಯಕನಿಂದ ಹಾಕಿಸಿ, ಆಟ ತೆರೆದಾಗ ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತೆಗೆದರು. ಆ ಆಟವನ್ನು ಹತ್ತು ನಿಮಿಷವೂ ಆಡಲಿಲ್ಲ ಅನ್ನಿ.

ಇನ್ನು ಉಳಿದ ಸತ್ಯಕ್ಕೆ ಬರುತ್ತೇನೆ. ಹಲವರು ಕೂಡಿ ಆಡುವ ಕೆಲವು ಆಟಗಳು, ಮೋಸಗಾರರನ್ನು ಹಿಡಿಯಲೆಂದು, ಕಾವಲುಗಾರನೊಬ್ಬನನ್ನು ವಿಂಡೋಸ್‌ನ ಕರ್ನೆಲ್‌ನೊಳಗೇ ಇಳಿಸುತ್ತವೆ. ಹಂಡೆ ಕಾದಿದೆ ಎಂದರೆ ನಂಬದೆ, ಒಲೆಯಲ್ಲಿ ಬೆಂಕಿ ಇದೆಯೇ ಎಂದು ತಾನೇ ಬಗ್ಗಿ ನೋಡುವ ಅತ್ತೆ ಈಕೆ. ಇಲ್ಲಿ ವೈನ್‌ನ ಉಪಾಯ ನಡೆಯದು. ವ್ಯಾಲೊರಂಟ್, ಫೋರ್ಟ್‌ನೈಟ್ ಲಿನಕ್ಸಿನಲ್ಲಿ ಓಡದಿರುವುದು ಹೀಗಾಗಿ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎಂಬ ಕಾವಲುಗಾರರು 2021ರಿಂದ ಪ್ರೋಟಾನ್ ಜೊತೆ ಹೊಂದಿಕೊಳ್ಳಬಲ್ಲರು. ಆದರೆ ಬಿಡಬೇಕೋ ಬೇಡವೋ ಎಂಬುದು ಆಟ ತಯಾರಿಸಿದವರ ಇಷ್ಟ. ಆದ್ದರಿಂದ ಡಿಸ್ಕ್ ಅಳಿಸುವ ಮೊದಲು ಮಕ್ಕಳನ್ನು ಕೂರಿಸಿಕೊಂಡು ಅವರ ಆಟಗಳ ಪಟ್ಟಿ ಬರೆಸಿ, ಪ್ರೋಟಾನ್‌ಡಿಬಿಯಲ್ಲಿ ಒಂದೊಂದಕ್ಕೂ ಬಳಸಿದವರು ಕೊಟ್ಟ ದರ್ಜೆ ನೋಡುವುದು ಒಳ್ಳೆಯದು.

ತಂದೆತಾಯಿಯರಿಗೆ ಇನ್ನೊಂದು ಮಾತು. ಲಿನಕ್ಸಿಗೆ ವೈರಸ್ ತಗಲುವುದಿಲ್ಲ ಎಂಬ ಧೈರ್ಯದಿಂದ, ಸಹಪಾಠಿ ಕೊಟ್ಟ ಪೆನ್‌ಡ್ರೈವಿನ ಕದ್ದ ಆಟಗಳನ್ನು ವೈನ್‌ನಲ್ಲಿ ಓಡಿಸಲು ಬಿಡಬೇಡಿ. ವೈನ್ ಗೋಡೆಯಲ್ಲ. ಸಾಮಾನ್ಯವಾಗಿ ಅದು ಇಡೀ ಡಿಸ್ಕನ್ನು ‘ಜಡ್ ಡ್ರೈವ್’ ಎಂದು ಕಾರ್ಯಕ್ರಮದ ಮುಂದೆ ತೆರೆದಿಡುತ್ತದೆ. ನೀವು ತಿದ್ದಬಲ್ಲ ಕಡತಗಳನ್ನೆಲ್ಲ ಅದೂ ತಿದ್ದಬಲ್ಲದು. ಮದುವೆಯ ಫೋಟೊ, ಮಗಳ ನೋಟ್ಸು ಎಲ್ಲಕ್ಕೂ ಬೀಗ ಹಾಕಿ ಹಣ ಕೇಳಬಲ್ಲದು.

ಹೊಸ ಲ್ಯಾಪ್‌ಟಾಪ್ ಸದ್ಯಕ್ಕೆ ಕೊಳ್ಳಲಿಲ್ಲ. ಮಗಳ ಪಟ್ಟಿಯಲ್ಲಿದ್ದ ಏಳು ಆಟಗಳಲ್ಲಿ ಆರು ನಡೆಯುತ್ತಿವೆ. ಏಳನೆಯದು ವ್ಯಾಲೊರಂಟ್, ಗೆಳತಿಯರೆಲ್ಲ ಆಡುವುದು ಅದನ್ನೇ. ಅದಕ್ಕಾಗಿ ಭಾನುವಾರ ಸಂಜೆ ಚಿಕ್ಕಪ್ಪನ ಮನೆಗೆ ಹೋಗುತ್ತಾಳೆ. ಬರುವಾಗ ಒಂಬತ್ತು ಗಂಟೆ ಮೀರುತ್ತದೆ, ಆ ಜಗಳ ಬೇರೆ.