ಪಿ.ಟಿ. ಸರ್‌ಗೊಂದು ತಾಸು

"ಗಂಡಸಾಗಿ ಅಳ್ತೀಯೇನೋ?" ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕಬಡ್ಡಿ ಆಡುವಾಗ ಮೊಣಕಾಲು ತರಚಿಕೊಂಡ ಹುಡುಗನಿಗೆ ಅರಿಷಿಣಕ್ಕಿಂತ ಮೊದಲು ಸಿಗೋದು ಈ ಮಾತು. ಅಂದವರೇನು ಕೆಟ್ಟವರಲ್ಲ, ಅವರೂ ಹಂಗೇ ಬೆಳೆದವರು.

ಇದನ್ನು ಶಾಲೆಯಲ್ಲೇ ತಿದ್ದೋಣ ಅಂತ 2008ರಲ್ಲಿ ಮುಂಬೈ ಪಾಲಿಕೆ ಶಾಲೆಗಳ ಆರು, ಏಳನೇ ಇಯತ್ತೆಯಲ್ಲಿ ‘ಜೆಮ್ಸ್’ ಅನ್ನೋ ಲಿಂಗ ಸಮಾನತೆಯ ಪಾಠ ಶುರು ಮಾಡಿದರು. ಆಮೇಲೆ ಬಂದ ‘ಪರಿವರ್ತನ’ ಕಾರ್ಯಕ್ರಮದಲ್ಲಿ ಕ್ರಿಕೆಟ್ ಕೋಚ್‌ಗಳ ಬಾಯಿಂದಲೇ ಪಾಠ. ಜಾಣತನ ನೋಡ್ರಿ! ಹದಿಮೂರರ ಹುಡುಗ ಅಪ್ಪನ ಮಾತು ಮೀರಿಯಾನು, ಕೋಚ್ ಮಾತು ಮೀರೋದಿಲ್ಲ. ಚುಡಾಯಿಸೋ ಗೆಳೆಯನನ್ನು ತಡೀಬೇಕು ಅನ್ನೋದೂ ಆ ಪಾಠದೊಳಗಿತ್ತು.

ನಮಗದು ಯಾಕೆ ಬೇಕು? 2023ರ ಡಿಸೆಂಬರ್, ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿ. ಮಗ ಪ್ರೀತಿಸಿದವಳ ಜೊತೆ ಹೋದ ಅಂತ ತಾಯಿಯನ್ನು ವಿವಸ್ತ್ರಗೊಳಿಸಿ, ಕಂಬಕ್ಕೆ ಕಟ್ಟಿ ಹೊಡೆದರು. ನೋಡುತ್ತ ನಿಂತವರು ಹತ್ತಾರು ಮಂದಿ. ಬಿಡಿಸಲು ಹೋದವನು ಒಬ್ಬನೇ, ಅವನಿಗೂ ಏಟು ಬಿತ್ತು. ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡ ಹೈಕೋರ್ಟ್, ಸುಮ್ಮನೆ ನಿಂತವರನ್ನೂ ತರಾಟೆಗೆ ತೆಗೆದುಕೊಂಡಿತು.

ಪಿ.ಟಿ. ಸರ್‌ಗೆ ವಾರಕ್ಕೊಂದು ತಾಸು ಇಂಥ ಪಾಠಕ್ಕಂತಲೇ ಕೊಟ್ಟರೆ ನಮ್ಮಲ್ಲೂ ನಡೀತದ. ಪಿ.ಟಿ. ಸರ್ ಇರೋ ಶಾಲೆ ಎಷ್ಟದಾವ ಅಂತ ಮಾತ್ರ ಕೇಳಬ್ಯಾಡ್ರಿ.