ಭವಿಷ್ಯ ಹೇಳುವ ಕಷ್ಟ

ಎಸ್.ಎಸ್.ಎಲ್.ಸಿ. ಫಲಿತಾಂಶ ಕೆಡಬಾರದೆಂದು, "ಇವನು ಪಾಸಾಗುವ ಪೈಕಿ ಅಲ್ಲ" ಎಂದು ಹುಡುಗನನ್ನು ಪರೀಕ್ಷೆಗೇ ಕೂರಿಸದ ಶಾಲೆಗಳುಂಟು. ಅವನು ಪಾಸಾಗುವುದಿಲ್ಲ, ಮೇಷ್ಟರ ಮಾತು ನಿಜವಾಗುತ್ತದೆ! ಈ ಜಾಣತನ ಆಸ್ಪತ್ರೆಯಲ್ಲೂ ನಡೆಯಬಹುದೆಂದು ನನಗೆ ಗೊತ್ತಾದದ್ದು 2022ರಲ್ಲಿ, ನಮ್ಮ ಭಾವನವರ ಹೃದಯ ಇದ್ದಕ್ಕಿದ್ದಂತೆ ನಿಂತಾಗ.

ಎದೆ ಒತ್ತಿ ಒತ್ತಿ ಹೃದಯವನ್ನೇನೋ ಮತ್ತೆ ಬಡಿಸಿದರು. ಮನುಷ್ಯ ಮಾತ್ರ ಕಣ್ಣು ತೆರೆಯಲಿಲ್ಲ. ರಕ್ತ ಹರಿಯದ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಮರುದಿನವೇ ಒಬ್ಬ ಡಾಕ್ಟರು, "ಆಸೆ ಇಟ್ಟುಕೊಳ್ಳಬೇಡಿ, ಮನೆಗೆ ಕರೆದುಕೊಂಡು ಹೋಗುವುದಾದರೆ ಹೇಳಿ" ಎಂದರು. ಉಸಿರಾಟದ ಯಂತ್ರ ತೆಗೆದರೆ ಆ ಭವಿಷ್ಯ ನಿಜವಾಗದೆ ಇನ್ನೇನಾದೀತು? ತಪ್ಪಾಗಿದ್ದರೂ ತಿಳಿಯುವ ಬಗೆಯೇ ಇಲ್ಲ.

ಸಂಜೆ ಬಂದ ಹಿರಿಯ ಡಾಕ್ಟರು ತಡೆದರು. "ನಿದ್ದೆಯ ಔಷಧಿ ಇನ್ನೂ ಮೈಯಲ್ಲಿದೆ ಅಮ್ಮ, 72 ಗಂಟೆ ಕಳೆಯದೆ ನಾನು ಏನೂ ಹೇಳುವುದಿಲ್ಲ." ಯೂರೋಪಿನ ವೈದ್ಯರು 2021ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಇದೇ ಇದೆ. ಬೆಳಕು ಬಿಟ್ಟರೆ ಕಣ್ಣಿನ ಪಾಪೆ ಕಿರಿದಾಗುತ್ತದೆಯೇ, ಇ.ಇ.ಜಿ.ಯಲ್ಲಿ ಏನಿದೆ, ಸ್ಕ್ಯಾನಿನಲ್ಲಿ ಏನಿದೆ ಎಂದು ನೋಡಿ, ಕಡೇಪಕ್ಷ ಎರಡು ಕೆಟ್ಟ ಲಕ್ಷಣಗಳಾದರೂ ಕೂಡಿ ಬಂದರಷ್ಟೇ ಆಸೆ ಕಡಿಮೆ ಎನ್ನಬೇಕು. ಇಲ್ಲದಿದ್ದರೆ ಮತ್ತೆ ಕಾಯಬೇಕು.

ಕಾಯುವುದಕ್ಕೂ ದುಡ್ಡು ಬೇಕಲ್ಲ! ಅಕ್ಕ ಬಳೆ ಅಡವಿಟ್ಟಳು. ಬಳೆಯೂ ಇಲ್ಲದವರ ಮನೆಯಲ್ಲಿ ಭವಿಷ್ಯ ಹೇಳುವುದು ಡಾಕ್ಟರಲ್ಲ, ಬಿಲ್ಲು. ಹಾಗೆಂದು ಎಲ್ಲರಿಗೂ ಸುಳ್ಳು ಆಸೆ ಹುಟ್ಟಿಸುವುದನ್ನು ನಾನು ದಯೆ ಎನ್ನಲಾರೆ. ನಾಲ್ಕನೆಯ ದಿನ ಎಲ್ಲ ಪರೀಕ್ಷೆ ಮುಗಿಸಿ, ಆ ಹಿರಿಯರು ಅಕ್ಕನನ್ನು ಕೂರಿಸಿಕೊಂಡು, ಏನೇನು ನೋಡಿದೆವು ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಅವಳು ಕೇಳಿದ್ದು ಒಂದೇ: "ಅವರಿಗೆ ನೋವಾಗುತ್ತಿದೆಯೇ?" ಇಲ್ಲ ಎಂದರು. ಆರನೆಯ ದಿನ ಭಾವನವರು ಹೋದರು.

ಗುಣವಾಗುವ ಆಸೆಯಿಲ್ಲದ ರೋಗಿಯ ಯಂತ್ರ ತೆಗೆಯಲು ಸುಪ್ರೀಂ ಕೋರ್ಟು 2018ರಲ್ಲಿ ದಾರಿ ಮಾಡಿಕೊಟ್ಟಿತು. 2023ರಲ್ಲಿ ಅದನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಸುತ್ತೋಲೆ ಹೊರಡಿಸಿತು. ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರೂ ಒಪ್ಪಬೇಕು. ನಮ್ಮ ಇಚ್ಛೆಯನ್ನು ಮೊದಲೇ ಬರೆದಿಡಲೂಬಹುದು. ನಾನು ಬರೆಯಲು ಕುಳಿತೆ. "ಆಸೆಯಿಲ್ಲದಿದ್ದರೆ ಯಂತ್ರ ಬೇಡ" ಎಂದು ಬರೆದು, ಕೆಳಗೆ "ಹೃದಯ ನಿಂತು ಹೀಗಾದರೆ 72 ಗಂಟೆಗೆ ಮೊದಲು ಯಾರೂ ತೀರ್ಮಾನಿಸಕೂಡದು" ಎಂದು ಸೇರಿಸಿದೆ. ಮಗ ಓದಿ, "ಇದಕ್ಕೂ ಸೂಚನೆಗಳೇನಮ್ಮ, ಪ್ರಶ್ನೆಪತ್ರಿಕೆಯ ಹಾಗೆ?" ಎಂದು ನಕ್ಕ. ನನ್ನ ಪರವಾಗಿ ನಿರ್ಧಾರ ಹೇಳುವವರ ಹೆಸರಿನ ಜಾಗದಲ್ಲಿ ಅವನ ಹೆಸರಿನ ಜೊತೆಗೆ ಅಕ್ಕನ ಹೆಸರನ್ನೂ ಬರೆದಿದ್ದೇನೆ.