ಗಡಿ ದಾಟುವ ಗಾಡಿ

ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಗೆ ವಿದ್ಯುತ್ ದ್ವಿಚಕ್ರ ವಾಹನದ ಮಾತೇಕೆ ಎಂದು ಸಂಘದ ಬಂಧುಗಳು ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ಆದರೆ ಗಡಿನಾಡಿನ ಮನೆಯೊಂದರಲ್ಲಿ ಒಂದು ಗಾಡಿ ಕೊಳ್ಳುವುದು ಕೇವಲ ವ್ಯಾಪಾರವಲ್ಲ. ಯಾವ ಊರಿನಲ್ಲಿ ಕೊಳ್ಳಬೇಕು, ಯಾವ ರಾಜ್ಯದ ಸಂಖ್ಯೆ ಬರೆಸಬೇಕು, ಕೆಟ್ಟು ನಿಂತರೆ ಯಾರನ್ನು ಕರೆಯಬೇಕು ಎಂಬ ಪ್ರಶ್ನೆಗಳೊಳಗೆ ನಮ್ಮ ನಾಡಿನ ಚರಿತ್ರೆಯೇ ಅಡಗಿರುತ್ತದೆ. ನ್ಯಾಲ್ಕಲ್ ಮಂಡಲದ ನಮ್ಮ ಮನೆಯಲ್ಲಿ 2025ರ ದೀಪಾವಳಿಯ ಹೊತ್ತಿಗೆ ಈ ಪ್ರಶ್ನೆಗಳೆಲ್ಲ ಒಟ್ಟಿಗೆ ಎದುರಾದವು.

ಚರಿತ್ರೆಯನ್ನು ಎರಡು ಮಾತಿನಲ್ಲಿ ನೆನೆಯೋಣ. ಹೈದರಾಬಾದ್ ರಾಜ್ಯದಲ್ಲಿ ನ್ಯಾಲ್ಕಲ್ ಬೀದರ ತಾಲ್ಲೂಕಿನದೇ ಒಂದು ಸರ್ಕಲ್ ಆಗಿತ್ತು. ರಾಜ್ಯಗಳ ಪುನರ್ವಿಂಗಡಣೆಯ ಕಾಯ್ದೆಯು ಆ ಸರ್ಕಲನ್ನೂ ನಾರಾಯಣಖೇಡ ತಾಲ್ಲೂಕನ್ನೂ ನಿರ್ಣಾ ಸರ್ಕಲ್ ಹೊರತಾದ ಜಹೀರಾಬಾದ್ ತಾಲ್ಲೂಕನ್ನೂ ಬೀದರ ಜಿಲ್ಲೆಯಿಂದ ಬಿಡಿಸಿ ಆಂಧ್ರಪ್ರದೇಶಕ್ಕೆ ಸೇರಿಸಿತು. ಕಲಬುರ್ಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಅದೇ ದಾರಿ ಹಿಡಿದವು. ಅದು ನಡೆದದ್ದು 1956ರ ನವೆಂಬರ್ 1ರಂದು, ಅತ್ತ ನಮ್ಮವರು ರಾಜ್ಯೋತ್ಸವವೆಂದು ಆಚರಿಸುವ ದಿನವೇ. 2014ರಲ್ಲಿ ನಾವು ತೆಲಂಗಾಣದವರಾದೆವು. 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಯವರಾದೆವು. ಕಾಗದದಲ್ಲಿ ಇಷ್ಟೆಲ್ಲ ಬದಲಾದರೂ ಸಂತೆಗೆ, ದವಾಖಾನೆಗೆ, ಮಕ್ಕಳ ಕಾಲೇಜಿಗೆ, ಬೀಗರ ಮನೆಗೆ ನಮ್ಮ ಕಾಲು ಬೀದರಿನ ಕಡೆಗೇ ಹೊರಳುತ್ತದೆ.

ದುಡಿಮೆಯೂ ಹಾಗೆಯೇ. ನ್ಯಾಲ್ಕಲ್ ಮತ್ತು ಝರಾಸಂಗಂ ಮಂಡಲಗಳಲ್ಲಿ ಹನ್ನೆರಡು ಸಾವಿರ ಎಕರೆಗೂ ಮಿಕ್ಕಿದ ಕೈಗಾರಿಕಾ ವಲಯದ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಜಹೀರಾಬಾದಿನಲ್ಲಿ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆಯಿದೆ. ಆದರೆ ನಮ್ಮ ಮಗಳು ಕಲಿತದ್ದು ವೈದ್ಯಕೀಯ ಪ್ರಯೋಗಾಲಯದ ಕೆಲಸ. ಅದಕ್ಕೆ ನೌಕರಿ ದೊರೆತದ್ದು ಬೀದರಿನ ಒಂದು ಖಾಸಗಿ ದವಾಖಾನೆಯಲ್ಲಿ. ತಿಂಗಳಿಗೆ ಹದಿನಾಲ್ಕು ಸಾವಿರ ರೂಪಾಯಿ. ವಾರದಲ್ಲಿ ಮೂರು ದಿನ ರಾತ್ರಿ ಎಂಟರವರೆಗೆ ಪಾಳಿ. ನಮ್ಮ ಮನೆಯಿಂದ ಹೋಗಿ ಬರುವುದು ನಲವತ್ತು ಕಿಲೋಮೀಟರಿನ ಹತ್ತಿರ.

ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಲ್ಲವೆ ಎಂದು ಹೈದರಾಬಾದಿನ ನೆಂಟರು ಕೇಳಿದರು. ಉಚಿತವೇನೋ ಹೌದು. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಅದು ಆ ರಾಜ್ಯದ ನಿವಾಸಿಗಳಿಗೆ. ತೆಲಂಗಾಣದ ಮಹಾಲಕ್ಷ್ಮಿ ಯೋಜನೆ ಅದೇ ವರ್ಷ ಡಿಸೆಂಬರ್ 9ರಂದು ಬಂತು. ಅದು ರಾಜ್ಯದ ಗಡಿಯವರೆಗೆ. ಹೀಗಾಗಿ ತೆಲಂಗಾಣದ ಬಸ್ಸಿನಲ್ಲಿ ಕುಳಿತ ನಮ್ಮ ಮಗಳಿಗೆ ಗಡಿಯವರೆಗೆ ಟಿಕೆಟಿಲ್ಲ, ಅಲ್ಲಿಂದಾಚೆ ಟಿಕೆಟುಂಟು. ಕರ್ನಾಟಕದ ಬಸ್ಸು ಹತ್ತಿದರೆ ಆಧಾರ್ ಚೀಟಿಯ ವಿಳಾಸ ನೋಡಿ ಪೂರ್ತಿ ಟಿಕೆಟ್ಟೇ. ಟಿಕೆಟಿನ ಹಣವಾದರೂ ಹೊಂದೀತು, ಹೊತ್ತು ಹೊಂದಲಿಲ್ಲ. ಎಂಟರ ಪಾಳಿ ಮುಗಿಸಿ ನಿಲ್ದಾಣಕ್ಕೆ ಬಂದರೆ ನಮ್ಮ ಊರಿನ ಕಡೆಗೆ ನೆಚ್ಚಿ ಕೂರುವಂಥ ಬಸ್ಸಿಲ್ಲ.

ಮಗಳು ಒಂದು ರಾತ್ರಿ ನೇರವಾಗಿಯೇ ಹೇಳಿದಳು: "ಬೀದರಿನಾಗ ರೂಮ್ ಹಿಡಿತೀನಿ ಅಂದ್ರ ನೀವು ಒಲ್ಲೆ ಅಂತೀರಿ. ಬಸ್ಸಿಗಿ ನೆಚ್ಚಿದ್ರ ದವಾಖಾನಿಯವರು ಒಲ್ಲೆ ಅಂತಾರ. ನಾ ಏನ್ ಮಾಡ್ಲಿ ಹೇಳ್ರಿ." ಕೊಠಡಿಯ ಬಾಡಿಗೆ, ಖಾನಾವಳಿಯ ಊಟ ಎಂದರೆ ಸಂಬಳದ ಮೂರರಲ್ಲೊಂದು ಪಾಲು ಹೋಗುತ್ತಿತ್ತು. ನೌಕರಿ ಬಿಟ್ಟರೆ ಮುಂದಿನ ಮಾತು ಯಾವುದೆಂದು ನಮ್ಮ ಕಡೆಯ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಆಷಾಢ ಕಳೆಯುತ್ತಲೇ ವರನ ಕಡೆಯವರು ಬರತೊಡಗುತ್ತಾರೆ. ಆಕೆಯ ಕಲಿಕೆಗೆ ಬೆಲೆ ಬರಬೇಕಾದರೆ ಆಕೆಯ ಕೈಯಲ್ಲೊಂದು ಗಾಡಿ ಇರಬೇಕೆಂದು ಮನೆಯವರೆಲ್ಲ ಕೂಡಿ ನಿಶ್ಚಯಿಸಿದೆವು.

ಮೊದಲು ಪೆಟ್ರೋಲ್ ಗಾಡಿಯ ಲೆಕ್ಕ ಹಾಕಿದೆವು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಎಂಜಿನ್ನಿನ ದ್ವಿಚಕ್ರ ವಾಹನಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿತ್ತು. ವಿದ್ಯುತ್ ವಾಹನಕ್ಕೆ ಆ ಮೊದಲೇ ಶೇ. 5ರ ತೆರಿಗೆಯಿದ್ದರೂ ನಾವು ನೋಡಿದ ಪೆಟ್ರೋಲ್ ಸ್ಕೂಟರ್ ಇಪ್ಪತ್ತು ಸಾವಿರ ಅಗ್ಗವಾಗಿಯೇ ಇತ್ತು. ಆದರೆ ಲೀಟರಿಗೆ ನಲವತ್ತೈದು ಕಿಲೋಮೀಟರ್ ಓಡಿದರೂ ದಿನಕ್ಕೆ ಒಂದು ಲೀಟರಿಗೆ ತುಸು ಕಡಿಮೆ ಬೇಕು. ತೆಲಂಗಾಣಕ್ಕಿಂತ ಬೀದರಿನಲ್ಲಿ ಪೆಟ್ರೋಲಿನ ಬೆಲೆ ಕೆಲವು ರೂಪಾಯಿ ಕಡಿಮೆ. ಗಡಿಯ ನಮ್ಮವರು ಅಲ್ಲಿಯೇ ಟ್ಯಾಂಕ್ ತುಂಬಿಸುತ್ತಾರೆ. ಅಲ್ಲಿಯೇ ತುಂಬಿಸಿದರೂ ಇಪ್ಪತ್ತೈದು ದಿನಕ್ಕೆ 2,300 ರೂಪಾಯಿ ದಾಟುತ್ತದೆ. ವಿದ್ಯುತ್ ಸ್ಕೂಟರ್ ಒಂದು ಕಿಲೋಮೀಟರಿಗೆ ಸುಮಾರು 30 ವ್ಯಾಟ್-ಅವರ್ ತಿನ್ನುತ್ತದೆ. ಚಾರ್ಜ್ ಮಾಡುವಾಗಿನ ನಷ್ಟ ಸೇರಿಸಿದರೆ ನಲವತ್ತು ಕಿಲೋಮೀಟರಿಗೆ ಒಂದೂವರೆ ಯೂನಿಟ್, ತಿಂಗಳಿಗೆ 37–38 ಯೂನಿಟ್. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೂ ಮುನ್ನೂರು ರೂಪಾಯಿ. ಇಪ್ಪತ್ತು ಸಾವಿರದ ಅಂತರ ವರ್ಷದೊಳಗೆ ತೀರುವ ಸಾಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತೆಲಂಗಾಣದ ಗೃಹಜ್ಯೋತಿಯಲ್ಲಿ ಅರ್ಹ ಮನೆಗೆ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲಿಲ್ಲ. ಅದನ್ನು ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ಕಟ್ಟಬೇಕು. ನಮ್ಮ ಮನೆಯ ಬಳಕೆ 140ರ ಆಸುಪಾಸು. ಗಾಡಿ ಸೇರಿದರೂ 180ರೊಳಗೆ ಇರುತ್ತದೆ, ಬೇಸಗೆಯಲ್ಲಿ ಕೂಲರ್ ಹಚ್ಚಿದಾಗ ಮಾತ್ರ ಎಚ್ಚರ ಬೇಕು. ವಿದ್ಯುತ್ ಗಾಡಿ ಕೊಳ್ಳುವವರು ಮೊದಲು ತಮ್ಮ ಹಳೆಯ ಹನ್ನೆರಡು ಬಿಲ್ಲುಗಳನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಯಾವ ಗಾಡಿ? ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಲೈಸೆನ್ಸ್ ಬೇಡದ ಗಾಡಿ. ಮೋಟಾರಿನ ಶಕ್ತಿ 250 ವ್ಯಾಟ್ ಮೀರದೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗಿದ್ದರೆ ಕಾನೂನು ಅದನ್ನು ಮೋಟಾರು ವಾಹನವೆಂದೇ ಎಣಿಸುವುದಿಲ್ಲ, ನೋಂದಣಿಯೂ ಬೇಡ. ಹಾಲು ಹಾಕಿ ಬರಲು, ಮಕ್ಕಳನ್ನು ಶಾಲೆಗೆ ಬಿಡಲು ಅದು ಸಾಕು. ಆದರೆ ಕಬ್ಬಿನ ಲಾರಿಗಳು ಹರಿದಾಡುವ ಜಹೀರಾಬಾದ್–ಬೀದರ ರಸ್ತೆಯಲ್ಲಿ, ಕತ್ತಲೆಯಲ್ಲಿ, ಮುಕ್ಕಾಲು ಗಂಟೆಗೂ ಮಿಕ್ಕಿ ಆ ವೇಗದಲ್ಲಿ ಮಗಳನ್ನು ಕಳಿಸಲು ನಮ್ಮ ಮನಸ್ಸು ಒಪ್ಪಲಿಲ್ಲ. ಅಂಥ ಅಗ್ಗದ ಗಾಡಿಗಳಲ್ಲಿ ಕೆಲವಕ್ಕೆ ಇನ್ನೂ ಸೀಸ-ಆಮ್ಲದ ಬ್ಯಾಟರಿಯೇ ಇರುತ್ತದೆ. ಭಾರ ಹೆಚ್ಚು, ಬಾಳಿಕೆ ಕಡಿಮೆ.

ಉಳಿದವು ಟಿ.ವಿ.ಎಸ್. ಐಕ್ಯೂಬ್, ಬಜಾಜ್ ಚೇತಕ್, ಏಥರ್ ರಿಜ್ಟಾ, ಹೀರೋ ವಿಡಾ, ಓಲಾ ಎಸ್1 ಎಕ್ಸ್ ಮುಂತಾದವು. ಇವುಗಳ ಚಿಕ್ಕ ಬ್ಯಾಟರಿಯ ಮಾದರಿಗಳು ಒಂದು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತವೆ. ಕೇಂದ್ರದ ಸಬ್ಸಿಡಿಯಂತೂ ಬೇಸಗೆಯ ಕೆರೆಯಂತೆ ಇಳಿಯುತ್ತ ಬಂದಿದೆ: 2021ರಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್-ಅವರ್‌ಗೆ 15,000 ರೂಪಾಯಿ ಇದ್ದದ್ದು 2023ರ ಜೂನ್‌ನಲ್ಲಿ 10,000, 2024ರಲ್ಲಿ 5,000, 2025ರ ಏಪ್ರಿಲ್‌ನಲ್ಲಿ 2,500 ಆಯಿತು, ಅದೂ ಒಂದು ಗಾಡಿಗೆ 5,000 ಮೀರದಂತೆ.

ಊರಿನ ಮೋಟಾರ್ ಮಿಸ್ತ್ರಿ ನಮಗೆ ಕಿವಿಮಾತು ಹೇಳಿದ: "ಬಣ್ಣ ಆಮ್ಯಾಗ ನೋಡ್ರಿ, ಮದ್ಲ ಬ್ಯಾಟ್ರಿ ನೋಡ್ರಿ." ಆ ಮಾತನ್ನು ಹಿಡಿದು ನಾವು ಲೆಕ್ಕ ಮಾಡಿದೆವು. 2.2 ಕಿಲೋವ್ಯಾಟ್-ಅವರ್ ಬ್ಯಾಟರಿಯ ಗಾಡಿ ಒಂದು ಚಾರ್ಜಿಗೆ ತೊಂಬತ್ತು ಕಿಲೋಮೀಟರಿಗೂ ಮಿಕ್ಕಿ ಓಡುತ್ತದೆಂದು ಕಂಪನಿಯ ಪತ್ರಿಕೆ ಹೇಳುತ್ತದೆ. ಅದು ಪರೀಕ್ಷಾಲಯದ ಓಟ. ಏರಿಳಿತದ ರಸ್ತೆಯಲ್ಲಿ, ಎದುರುಗಾಳಿಯಲ್ಲಿ ಅರವತ್ತೈದು ಎಂದಿಟ್ಟುಕೊಳ್ಳಬೇಕು. ನಾಲ್ಕು ವರ್ಷಕ್ಕೆ ಬ್ಯಾಟರಿ ತುಸು ಸೊರಗಿ ಐವತ್ತೆರಡಾಗುತ್ತದೆ. ಪೂರ್ತಿ ಬರಿದಾಗಿಸದೆ ಐದರಲ್ಲೊಂದು ಪಾಲು ಉಳಿಸಿಕೊಂಡರೆ ಕೈಗೆ ಸಿಗುವುದು ನಲವತ್ತೆರಡು. ನಮ್ಮ ದಾರಿ ನಲವತ್ತು. ಒಂದು ದಿನ ಔಷಧಿ ಅಂಗಡಿಗೆ ಸುತ್ತಿ ಬಂದರೂ ಮನಸ್ಸು ಮೀಟರಿನ ಮೇಲೆಯೇ ಇರುತ್ತದೆ. ಆದ್ದರಿಂದ ಹತ್ತು ಸಾವಿರ ಹೆಚ್ಚಾದರೂ 3 ಕಿಲೋವ್ಯಾಟ್-ಅವರ್ ಬ್ಯಾಟರಿಯ ಗಾಡಿಯೇ ಆಗಲೆಂದು ತೀರ್ಮಾನಿಸಿದೆವು. ಬ್ಯಾಟರಿಗೆ ನೀರು ನುಗ್ಗದಂತೆ ಐ.ಪಿ.67 ರಕ್ಷಣೆ, 2022ರ ಡಿಸೆಂಬರ್‌ನಿಂದ ಬಿಗಿಯಾದ ಎ.ಐ.ಎಸ್.-156 ಸುರಕ್ಷತಾ ಮಾನದಂಡದ ಪ್ರಮಾಣಪತ್ರ, ಮೂರು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿ, ಈ ಮೂರನ್ನೂ ಕೇಳಿ ಕಾಗದದಲ್ಲಿ ನೋಡಿದೆವು.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಗಡಿಯದು. ಬೀದರಿನ ಒಂದು ಮಳಿಗೆಯಲ್ಲಿ ಗಾಡಿ ಮೆಚ್ಚುಗೆಯಾಯಿತು, ಬೆಲೆಯೂ ಒಪ್ಪಿಗೆಯಾಯಿತು. ದಾರಿಯಲ್ಲಿ ಕೆಟ್ಟು ನಿಂತರೆ ಬಂದು ಒಯ್ಯುವಿರಾ ಎಂದು ಮಗಳು ಕೇಳಿದಳು. "ಗಡಿ ಈಚೆ ನಿಂತ್ರ ಬರ್ತೀವ್ರಿ, ಆಚೆ ನಿಂತ್ರ ನಿಮ್ಮ ರಾಜ್ಯದವರಿಗಿ ಫೋನ್ ಮಾಡ್ರಿ" ಎಂಬ ಉತ್ತರ ಬಂತು. ಆಕೆಯ ದಾರಿಯ ಬಹುಪಾಲು ಇರುವುದೇ ಆಚೆ! ನಮ್ಮ ಅಜ್ಜಂದಿರ ಕಾಲದಲ್ಲಿ ಒಂದೇ ತಾಲ್ಲೂಕಾಗಿದ್ದ ನೆಲದ ನಡುವೆ ಒಂದು ಸ್ಕೂಟರ್ ನಿಂತರೆ ಅದು ಯಾರ ಪಾಲಿನದೆಂದು ಕೇಳುವ ಸ್ಥಿತಿ ಬಂದಿತಲ್ಲ ಎಂದು ನಗುವೂ ಬಂತು, ನೋವೂ ಆಯಿತು. ಇನ್ನೊಂದು ಮಳಿಗೆಯವರು ರಾಜ್ಯವನ್ನು ಕೇಳಲಿಲ್ಲ. ತಮ್ಮ ದುರಸ್ತಿ ಕೇಂದ್ರದಿಂದ ಎಷ್ಟು ಕಿಲೋಮೀಟರ್ ಎಂದಷ್ಟೇ ಕೇಳಿ, ಅದನ್ನು ಬರೆದು ಕೊಟ್ಟರು. ನಾವು ಅಲ್ಲಿಯೇ ಕೊಂಡೆವು.

ಕೊಂಡದ್ದು ಕರ್ನಾಟಕದಲ್ಲಾದರೂ ಬೀದರಿನ ಕೆ.ಎ.38 ಸಂಖ್ಯೆ ನಮಗೆ ಬರುವಂತಿಲ್ಲ. ವಾಸವಿರುವ, ಗಾಡಿ ನಿಲ್ಲುವ ರಾಜ್ಯದಲ್ಲಿಯೇ ನೋಂದಣಿಯಾಗಬೇಕೆಂಬುದು ಮೋಟಾರು ವಾಹನ ಕಾಯ್ದೆಯ ನಿಯಮ. ತಾತ್ಕಾಲಿಕ ನೋಂದಣಿಯಲ್ಲಿ ಗಾಡಿಯನ್ನು ತಂದು ನಮ್ಮ ಜಿಲ್ಲೆಯಲ್ಲಿ ಸಂಖ್ಯೆ ಬರೆಸಿದೆವು. ತೆಲಂಗಾಣ ಸರಕಾರವು 2024ರ ನವೆಂಬರ್‌ನಲ್ಲಿ ಹೊರಡಿಸಿದ ಆದೇಶದಂತೆ 2026ರ ಡಿಸೆಂಬರ್ 31ರವರೆಗೆ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆಯೂ ನೋಂದಣಿ ಶುಲ್ಕವೂ ಪೂರ್ತಿ ಮಾಫಿ. ಆ ಅರ್ಜಿಯನ್ನು ಮಗಳು ತೆಲುಗಿನಲ್ಲಿ ತುಂಬಿದಳು, ಮಳಿಗೆಯವರೊಡನೆ ಕನ್ನಡದಲ್ಲಿ ಚೌಕಾಶಿ ಮಾಡಿದಳು, ಮಿಸ್ತ್ರಿಯೊಡನೆ ದಖ್ಖನಿಯಲ್ಲಿ ವಿಚಾರಿಸಿದಳು, ಕೈಪಿಡಿಯನ್ನು ಇಂಗ್ಲಿಷಿನಲ್ಲಿ ಓದಿದಳು. ಗಡಿನಾಡಿನ ಮಕ್ಕಳಿಗೆ ಯಾರೂ ಹೇಳಿಕೊಡದೆ ಬರುವ ವಿದ್ಯೆಯಿದು. ಇದಕ್ಕೆ ಪದವಿ ಪ್ರಮಾಣಪತ್ರವಿಲ್ಲ.

ಮನೆಯಲ್ಲಿ ಉಳಿದ ಕೆಲಸ ಪ್ಲಗ್ಗಿನದು. ನಮ್ಮದು ಕಲ್ಲು ಮಣ್ಣಿನ ಹಳೆಯ ಮನೆ, ಅರ್ಥಿಂಗ್ ಇರಲಿಲ್ಲ. ಹಿತ್ತಲಿನಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿ, ತಂತಿ ಎಳೆಸಿ, ಪಡಸಾಲೆಯಲ್ಲಿ ಬೇರೆಯೇ ಪ್ಲಗ್ಗು ಕೂರಿಸಿದೆವು. ಮೂರು ಸಾವಿರ ಖರ್ಚಾಯಿತು. ಈ ಖರ್ಚನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಆದರೆ ಹಳೆಯ ಮನೆಗಳಲ್ಲಿ ಇದನ್ನು ತಪ್ಪಿಸಬಾರದು. ಬಿಸಿಲಿನಿಂದ ಬಂದ ಗಾಡಿಯನ್ನು ತುಸು ಹೊತ್ತು ಆರಗೊಟ್ಟು, ಪಂಪ್‌ಸೆಟ್ಟುಗಳ ಓಟ ನಿಂತು ವೋಲ್ಟೇಜು ನೆಲೆಗೊಂಡ ಮೇಲೆ ರಾತ್ರಿ ಚಾರ್ಜಿಗೆ ಹಚ್ಚುವುದು ರೂಢಿಯಾಗಿದೆ.

ವಿಮೆ ಸೇರಿ ಗಾಡಿಗೆ ಒಂದು ಲಕ್ಷ ಹದಿನಾರು ಸಾವಿರವಾಯಿತು. ಹೆಸರು, ಉದ್ದು ಮಾರಿದ ಹಣದಲ್ಲಿ ಮೂವತ್ತಾರು ಸಾವಿರ ಕಟ್ಟಿದೆವು. ಉಳಿದ ಎಂಬತ್ತು ಸಾವಿರಕ್ಕೆ ಮೂರು ವರ್ಷದ ಸಾಲ. ತಿಂಗಳ ಕಂತು 2,650 ರೂಪಾಯಿ. ಪೆಟ್ರೋಲಿನಲ್ಲಿ ಉಳಿಯುವ ಎರಡು ಸಾವಿರಕ್ಕೆ ಆರೇಳು ನೂರು ಸೇರಿಸಿದರೆ ಕಂತು ತೀರುತ್ತದೆ. ಆ ಕಂತನ್ನು ಮಗಳೇ ತನ್ನ ಸಂಬಳದಿಂದ ಕಟ್ಟುತ್ತಿದ್ದಾಳೆ. ನಾವು ಕೊಡುತ್ತೇವೆಂದರೂ ಬಿಡುತ್ತಿಲ್ಲ.

ಈಗ ಓಣಿಯ ಇಬ್ಬರು ಹೆಣ್ಣುಮಕ್ಕಳ ತಂದೆತಾಯಿಗಳು ನಮ್ಮಲ್ಲಿಗೆ ಬಂದು ಯಾವ ಕಂಪನಿಯ ಗಾಡಿ ಒಳ್ಳೆಯದೆಂದು ಕೇಳುತ್ತಾರೆ. ನಾವು ಕಂಪನಿಯ ಹೆಸರು ಹೇಳುವುದಿಲ್ಲ. ನಿಮ್ಮ ಮಗಳ ದಾರಿಯಲ್ಲಿ ಎಲ್ಲಕ್ಕಿಂತ ಕಷ್ಟದ ದಿನ ಯಾವುದು, ಅದನ್ನು ಎಣಿಸಿ ಬ್ಯಾಟರಿ ಆರಿಸಿ. ಗಾಡಿ ನಿಂತ ಕಡೆಗೆ ಬಂದು ಒಯ್ಯುವವರು ಯಾರು, ಬರೆಸಿಕೊಳ್ಳಿ. ಮನೆಯ ಪ್ಲಗ್ಗಿಗೂ ಕರೆಂಟ್ ಬಿಲ್ಲಿಗೂ ಲೆಕ್ಕವಿಡಿ ಎಂದಷ್ಟೇ ಹೇಳುತ್ತೇವೆ. ಅಗ್ಗವೆಂಬುದು ಮಳಿಗೆಯ ಗಾಜಿನ ಮೇಲೆ ಅಂಟಿಸಿದ ಬೆಲೆಯಲ್ಲಿಲ್ಲ. ದುಡಿಯುವವರು ದುಡಿಮೆಯನ್ನು ಬಿಡದಂತೆ, ರಾತ್ರಿ ಹೊತ್ತಿಗೆ ಸರಿಯಾಗಿ ಮನೆ ಸೇರುವಂತೆ ನೋಡಿಕೊಳ್ಳುವ ಗಾಡಿಯೇ ಅಗ್ಗದ ಗಾಡಿ.

ಗಡಿಯ ಗೆರೆ ಇರುವಲ್ಲಿಯೇ ಇರುತ್ತದೆ; ಅದನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ತೆಲಂಗಾಣದ ಸಂಖ್ಯೆ ಹೊತ್ತ ಒಂದು ಗಾಡಿ ದಿನಕ್ಕೆರಡು ಸಲ ಆ ಗೆರೆಯನ್ನು ಸದ್ದಿಲ್ಲದೆ ದಾಟುತ್ತಿದೆ. ಬೆಳಿಗ್ಗೆ ಬೀದರಿನ ರೋಗಿಗಳು ಕನ್ನಡದಲ್ಲಿ ತಮ್ಮ ನೋವು ಹೇಳಿಕೊಳ್ಳುವಾಗ ಅವರ ಮಾತನ್ನು ಅವರದೇ ನುಡಿಯಲ್ಲಿ ಕೇಳಿಸಿಕೊಳ್ಳುವವಳು ನ್ಯಾಲ್ಕಲ್ಲಿನ ಹುಡುಗಿ. ಸಂಘದ ಹಿರಿಯರು ಗಡಿನಾಡ ಕನ್ನಡದ ಉಳಿವಿನ ಬಗ್ಗೆ ಚರ್ಚಿಸುವಾಗ ಶಾಲೆ, ಪುಸ್ತಕ, ಸಮ್ಮೇಳನಗಳ ಜೊತೆಗೆ ಬಸ್ಸಿನ ವೇಳೆಯನ್ನೂ ದುರಸ್ತಿ ಕೇಂದ್ರದ ದೂರವನ್ನೂ ಒಮ್ಮೆ ಎಣಿಸಬೇಕೆಂದು ನಮ್ಮ ಬಿನ್ನಹ.